ಮೂರು ಬೆರಳಿನ ಮುಖ

ಅಗಸೆ ಹುರಿಯುವ ವಾಸನೆಗೆ ನಮ್ಮ ಕಡೆ ಎಲ್ಲರಿಗೂ ಬಾಯಲ್ಲಿ ನೀರು ಬರುತ್ತದೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಮಹಾನವಮಿಯ ಹಿಂದಿನ ದಿನ ಹೊಸಪೇಟೆಯ ನಮ್ಮ ಮನೆಯಲ್ಲಿ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟೋಣವೆಂದು ಬಾಣಲೆಗೆ ಅಗಸೆ ಸುರಿದೆ. ಕಾಳು ಚಟಪಟ ಸಿಡಿಯತೊಡಗಿದ್ದೇ ತಡ, ನಮ್ಮ ತಾತ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ ಹಾಗಾಯಿತು. ತಾತ ಸತ್ತು ನಲವತ್ತು ವರ್ಷದ ಮೇಲಾಗಿದೆ. ಅವರ ಧೋತರ, ತಲೆದಿಂಬು, ಅವರು ಕುಡಿದಿಟ್ಟ ಚಹಾದ ಲೋಟ ಎಲ್ಲವೂ ಅಗಸೆ ಎಣ್ಣೆ ನಾರುತ್ತಿದ್ದವು. ಬಣ್ಣ ಕಲಸುತ್ತಿದ್ದದ್ದು ಆ ಎಣ್ಣೆಯಲ್ಲೇ. ಅದೇ ಅಗಸೆಯನ್ನು ಅಜ್ಜಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಸೇರಿಸಿ ಕುಟ್ಟಿ, ಮಿಲ್ಲಿನಲ್ಲಿ ದುಡಿಯುವವರಿಗೆಲ್ಲ ರೊಟ್ಟಿಯ ಜೊತೆ ಬಡಿಸುತ್ತಿದ್ದಳು. ಇಬ್ಬರಲ್ಲಿ ಆ ಕಾಳಿನ ಉಪಯೋಗ ಬಲ್ಲವರು ಯಾರೆಂಬುದರಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ.

ತಾತ ಚಿತ್ರಕಾರರು. ಈಗಿನವರ ಮಾತಿನಲ್ಲಿ ಹೇಳುವುದಾದರೆ ‘ಈ ಭಾಗದ ಮೊಟ್ಟಮೊದಲ ಆಧುನಿಕ ಕಲಾವಿದ’. ಈ ಬಿರುದು ಅವರಿಗೆ ಸಿಕ್ಕಿದ್ದು ಕೆಲವೇ ವರ್ಷಗಳ ಹಿಂದೆ, ಆಯುಧಪೂಜೆಯಿಂದ ಹಿಡಿದು ಭತ್ತದ ಕೊಯ್ಲು ಮುಗಿಯುವವರೆಗಿನ ಒಂದು ಹಂಗಾಮಿನಲ್ಲಿ. ಬಿರುದು ಕೊಟ್ಟವರ ಮೇಲಾಗಲಿ, ಅದನ್ನು ಹೊತ್ತು ಮೆರೆಸಿದವರ ಮೇಲಾಗಲಿ, ಚಪ್ಪಾಳೆ ತಟ್ಟಿದವರ ಮೇಲಾಗಲಿ ನನಗೆ ಎಳ್ಳಷ್ಟೂ ಗೌರವ ಉಳಿದಿಲ್ಲ.

ನಮ್ಮದು ಕಂಪ್ಲಿಯಲ್ಲಿ ಅಕ್ಕಿ ಮಿಲ್ಲಿನ ಮನೆತನ. ಮಿಲ್ಲು ನಡೆಸಿದವರು ತಾತನ ಅಣ್ಣ. ವಕೀಲಿ ಓದಿಕೊಂಡು ಬಾ ಎಂದು ತಾತನನ್ನು ಮುಂಬಯಿಗೆ ಕಳಿಸಿದರೆ ಅವರು ಬಣ್ಣದ ಪೆಟ್ಟಿಗೆ ಹಿಡಿದು ವಾಪಸು ಬಂದರು. ಫ್ರಾನ್ಸಿನಲ್ಲಿ ಹೆಂಗಸನ್ನು ಹೆಂಗಸಿನ ಹಾಗೆ ಬರೆಯುವುದನ್ನು ಬಿಟ್ಟು ಬಹಳ ದಿನವಾಯಿತೆಂದು ಅಣ್ಣನಿಗೆ ತಿಳಿಸಿದರು. ಫ್ರಾನ್ಸನ್ನು ಅವರು ಕಂಡಿದ್ದು ಒಂದು ಪುಸ್ತಕದಲ್ಲಿ. ಆಮೇಲೆ ಬದುಕಿದಷ್ಟು ಕಾಲ ಮಿಲ್ಲಿನ ಮಹಡಿಯ ಕೋಣೆಯಲ್ಲಿ ಕೂತರು, ಅಣ್ಣನ ಅನ್ನ ಉಂಡರು, ಕಂಪ್ಲಿಯ ಜನಕ್ಕೆ ಕಣ್ಣಿಲ್ಲ ಎಂದು ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಂಪಿಗೆ ಹೋಗಿ ಬಂಡೆಗಳನ್ನು ಬರೆದು ಬರೆದು ಗುಡ್ಡೆ ಹಾಕಿದರು. ಬಂಡೆ ಅಲುಗಾಡುವುದಿಲ್ಲ, ಹೋಲಿಕೆ ಬಂದಿಲ್ಲ ಅಂತ ತಕರಾರು ಮಾಡುವುದಿಲ್ಲ. ಅವನ್ನೆಲ್ಲ ಗೆದ್ದಲು ತಿಂದಿತು. ಗೆದ್ದಲಿಗಾದರೂ ಕಣ್ಣಿತ್ತಲ್ಲ ಎಂದು ನಮ್ಮಪ್ಪ ನಗುತ್ತಿದ್ದ.

ಉಳಿದದ್ದು ಒಂದೇ ಒಂದು, ಆ ನರ್ತಕಿ.

ಸ್ವಾತಂತ್ರ್ಯಕ್ಕೆ ಇನ್ನೂ ನಾಲ್ಕಾರು ವರ್ಷ ಇದ್ದಾಗ ಕಂಪ್ಲಿಯಲ್ಲಿ ಒಂದು ನಾಟಕ ಕಂಪನಿ ಬೇಸಿಗೆಯಿಡೀ ಕ್ಯಾಂಪು ಹಾಕಿತ್ತಂತೆ. ಪರದೆ ಬದಲಿಸುವಷ್ಟು ಹೊತ್ತು ಜನ ಎದ್ದು ಹೋಗದ ಹಾಗೆ ಕುಣಿಯುತ್ತಿದ್ದವಳು ಚಂದ್ರವ್ವ. ಆಕೆಯನ್ನು ಮಿಲ್ಲಿನ ಮಹಡಿಗೆ ಕರೆಸಿ ನಿಲ್ಲಿಸಿಕೊಂಡು ತಾತ ಈ ಚಿತ್ರ ಬರೆದರು. ಕಂಪನಿ ಊರು ಬಿಟ್ಟಾಗ ಚಂದ್ರವ್ವ ಬಿಡಲಿಲ್ಲ. ಎಮ್ಮಿಗನೂರಿನ ಒಬ್ಬ ರೈತನನ್ನು ಮದುವೆಯಾಗಿ ನಾಟಿ ಮಾಡಲು ಗದ್ದೆಗೆ ಇಳಿದಳು. ಒಂದು ಹೆಣ್ಣು ಹೆತ್ತಳು. ಆ ಮಗುವಿಗೆ ನೆನಪು ಮೂಡುವ ಮೊದಲೇ ಜ್ವರ ಬಂದು ಸತ್ತಳು. ಅವಳದೊಂದು ಫೋಟೊ ಇಲ್ಲ. ಇರುವುದು ತಾತನ ಚಿತ್ರ ಮಾತ್ರ.

ಚಿತ್ರವನ್ನು ಕಾಣದವರಿಗೆ ಹೇಳಬೇಕು. ಬಾಗಿಲಿನಷ್ಟು ಎತ್ತರದ ಬಟ್ಟೆಯ ಮೇಲೆ ಎಣ್ಣೆಬಣ್ಣ. ಹೆಂಗಸು ಒಂದು ಕಾಲೆತ್ತಿ ನಿಂತಿದ್ದಾಳೆ. ಮೊಣಕೈ ಕುಡುಗೋಲಿನ ಹಾಗಿದೆ. ಕತ್ತು ಹಸಿರು. ಪಾದಗಳು ಮೈಗೆ ಹೊಂದದಷ್ಟು ದೊಡ್ಡವು. ಹಿಂದಿನ ಬಂಡೆಗಳು ಒಡೆದ ಹೆಂಚಿನ ಚೂರುಗಳಂತೆ ಬಿದ್ದಿವೆ. ಸೀರೆಯ ಕೆಂಪಿಗೆ ತಾತ ಸಂಡೂರಿನ ಅದಿರು ಮಣ್ಣನ್ನು ತಂದು, ಜರಡಿ ಹಿಡಿದು, ಅಗಸೆ ಎಣ್ಣೆಯಲ್ಲಿ ಅರೆದರಂತೆ. ನಾನು ಸಂಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರಾದವಳು. ಆ ಕೆಂಪು ಧೂಳನ್ನು ಸೀರೆಯಿಂದ ತೊಳೆದು ತೊಳೆದೇ ನನ್ನ ಅರ್ಧ ಆಯುಷ್ಯ ಹೋಯಿತು. ತಾತ ಅದರಿಂದಲೇ ಸೀರೆ ಮಾಡಿದರು. ಆ ಸೀರೆ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ನನಗೆ ಹೊಟ್ಟೆಕಿಚ್ಚಾಗುತ್ತದೆ, ಆದರೂ ಚೆನ್ನಾಗಿದೆ. ಇನ್ನು ಮುಖ. ಅಷ್ಟು ದೊಡ್ಡ ಚಿತ್ರದಲ್ಲಿ ಮುಖ ಅಂಗೈಯಗಲಕ್ಕಿಂತ ಚಿಕ್ಕದು. ಅದರ ಮೇಲೆ ದಪ್ಪಕ್ಕೆ ಮೂರು ಬಿಳಿ ಪಟ್ಟೆ, ನಡುವೆ ಒಂದು ಕೆಂಪು ಬೊಟ್ಟು. ಹುಟ್ಟಿದಾಗಿನಿಂದ ನಾನು ಕಂಡದ್ದು ಇಷ್ಟೇ.

ಅದು ವಿಭೂತಿ, ಕುಂಕುಮ. ಆಯುಧಪೂಜೆಯ ದಿನ ಮಿಲ್ಲಿನಲ್ಲಿರುವ ಪ್ರತಿಯೊಂದಕ್ಕೂ ವಿಭೂತಿ ಬೀಳುತ್ತದೆ. ಎಂಜಿನ್ನು, ಭತ್ತ ಸುಲಿಯುವ ಹಲ್ಲರು, ತಕ್ಕಡಿ, ಚೀಲ ಹೊಲಿಯುವ ದಬ್ಬಣ, ಆಫೀಸಿನ ಗಡಿಯಾರ ಯಾವುದನ್ನೂ ಬಿಡುವಂತಿಲ್ಲ. ತಾತ ಚಿತ್ರವನ್ನು ಮುಗಿಸಿ ಆಫೀಸಿನ ಗೋಡೆಗೆ ತೂಗುಹಾಕಿದ್ದು ಆಯುಧಪೂಜೆಯ ಹಿಂದಿನ ಸಂಜೆ. ಮರುದಿನ ಜನ ಬರುವ ಮುಂಚೆಯೇ ಅಜ್ಜಿ ತಟ್ಟೆ ಹಿಡಿದು ಬಂದವಳು ಎಂಜಿನ್ನಿಗೂ ಮೊದಲು ಆ ನರ್ತಕಿಗೆ ಮೂರು ಬೆರಳು ಎಳೆದಳು, ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಳು. ಮೂರು ಬೆರಳಿಗೆ ಮುಖ ಪೂರ್ತಿ ಮುಚ್ಚಿಹೋಯಿತು. ಯಂತ್ರಗಳನ್ನು ವರ್ಷವರ್ಷ ತಿಕ್ಕಿ ತೊಳೆದು ಹೊಸದಾಗಿ ಹಚ್ಚುತ್ತಿದ್ದರು. ಚಿತ್ರಕ್ಕೆ ನೀರು ತಾಕಿಸಬಾರದು ಎಂದು ತಾತನ ಅಪ್ಪಣೆ. ಹಾಗಾಗಿ ಹಳೆಯದರ ಮೇಲೆ ಹೊಸದು, ಅದರ ಮೇಲೆ ಮಿಲ್ಲಿನ ತೌಡಿನ ಧೂಳು, ಮತ್ತೆ ವಿಭೂತಿ. ಅಜ್ಜಿ ಹೋದ ಮೇಲೆ ಎಂಜಿನ್ ನೋಡಿಕೊಳ್ಳುವ ಹುಲುಗಪ್ಪ ಆ ಕೆಲಸ ಮುಂದುವರಿಸಿದ.

ಇದರ ಮೇಲೆ ಮನೆಯಲ್ಲಿ ಜಗಳ ನಿತ್ಯದ್ದು. ಊಟಕ್ಕೆ ಕೂತಾಗ ತಾತ ಶುರುಮಾಡುವರು. ‘ಆ ಮುಖ ಬರಿಯಾಕ ನನಗ ಇಡೀ ಬ್ಯಾಸಿಗಿ ಹಿಡೀತು. ಅಂಥ ಕಣ್ಣು ಈ ರಾಜ್ಯದಾಗ ಯಾರೂ ಬರದಿಲ್ಲ. ಈಕಿ ಹಾಳು ಮಾಡಿದ್ಲು.’

ಅಜ್ಜಿ ರೊಟ್ಟಿ ತಟ್ಟುತ್ತಲೇ ಅನ್ನುವಳು. ‘ನಾನ ಆಕಿನ್ನ ನೋಡಂಗ ಮಾಡೀನಿ. ಸುಮ್ನ ಉಣ್ರಿ.’

ಇದು ಸವತಿ ಮತ್ಸರ ಎಂದು ನಾವೆಲ್ಲ ತಿಳಿದೆವು. ಗಂಡ ಇನ್ನೊಬ್ಬಳ ಚೆಲುವಾದ ಮುಖ ಬರೆದ, ಹೆಂಡತಿ ಅದಕ್ಕೆ ವಿಭೂತಿ ಬಳಿದಳು. ಇದು ಯಾರಿಗೆ ತಿಳಿಯದ ವಿಷಯ ಎಂದುಕೊಂಡೆವು.

ಆ ವರ್ಷದ ಆಯುಧಪೂಜೆಗೆ ಮಳೆ ಹಿಂದಾಗಿ ಬಂದಿತ್ತು. ಕಂಪ್ಲಿಯ ಬೀದಿಗಳಲ್ಲಿ ಕೆಸರು, ಗದ್ದೆಗಳಲ್ಲಿ ಭತ್ತ ಇನ್ನೂ ಹಸಿರು. ಪೂಜೆಗೆಂದು ನಾನು ಹೊಸಪೇಟೆಯಿಂದ ಬಂದಿದ್ದೆ. ಚಿಕ್ಕಪ್ಪನ ಮಗ ವೀರೇಶ ತನ್ನ ಕಾರಿನಲ್ಲಿ ಒಬ್ಬ ವಿದ್ವಾಂಸರನ್ನು ಕರೆತಂದ. ವೀರೇಶನ ವಿಷಯ ಸ್ವಲ್ಪ ಹೇಳಬೇಕು. ಸಂಡೂರಿನ ಅದಿರು ಲಾರಿಗಳಲ್ಲಿ ಬೆಳೆದು, ಗಣಿ ನಿಂತಾಗ ಹಂಪಿಯ ಹತ್ತಿರ ಬಾಳೆತೋಟ ಕಡಿಸಿ ರೆಸಾರ್ಟ್ ಕಟ್ಟಿದವನು. ಅಲ್ಲಿ ಕೋಣೆಗಳಿಗೆ ರಾಣಿಯರ ಹೆಸರು, ಈಜುಕೊಳಕ್ಕೆ ಪುಷ್ಕರಣಿ ಎಂದು ಹೆಸರು. ಅಲ್ಲಿ ತಂಗಿದ್ದ ಬೆಂಗಳೂರಿನ ಕಲಾ ವಿದ್ವಾಂಸರಿಗೆ ಹಳ್ಳಿಯ ಆಯುಧಪೂಜೆ ತೋರಿಸುತ್ತೇನೆಂದು ಕರೆತಂದಿದ್ದ. ವಿದ್ವಾಂಸರೂ ಕಾರಿನಿಂದ ಇಳಿಯುತ್ತಲೇ ಕಂಪ್ಲಿಯನ್ನು ಹಳ್ಳಿ ಎಂದದ್ದಕ್ಕೇ ನನಗೆ ಅವರ ಮೇಲೆ ಅರ್ಧ ಅಸಹ್ಯ ಬಂತು.

ಇನ್ನರ್ಧ ಆಫೀಸಿನೊಳಗೆ ಬಂತು. ವಿದ್ವಾಂಸರು ಚಿತ್ರದ ಮುಂದೆ ನಿಂತರು. ಕನ್ನಡಕ ತೆಗೆದರು, ಹಾಕಿದರು. ಎದೆಯ ಮೇಲೆ ಕೈ ಇಟ್ಟುಕೊಂಡರು.

‘ಈ ಮೂರು ಪಟ್ಟೆಗಳನ್ನು ನೋಡಿ’ ಎಂದರು. ‘ಮುಖವನ್ನೇ ಅಳಿಸಿ ಆ ಜಾಗದಲ್ಲಿ ಸಂಕೇತವನ್ನು ಇಟ್ಟಿದ್ದಾರೆ. ಬಣ್ಣವನ್ನು ಎಷ್ಟು ದಪ್ಪಕ್ಕೆ ಹಾಕಿದ್ದಾರೆ ನೋಡಿ. ಶೈವ ಪರಂಪರೆಯನ್ನೂ ಯುರೋಪನ್ನೂ ಒಂದೇ ಕುಂಚದಲ್ಲಿ ಹಿಡಿದಿದ್ದಾರೆ. ಆ ಕಾಲಕ್ಕೆ ಎಂಥ ಧೈರ್ಯ.’

ಅವರ ಬೆನ್ನ ಹಿಂದೆ ಹುಲುಗಪ್ಪ ತಟ್ಟೆ ಹಿಡಿದು ನಿಂತಿದ್ದ. ‘ಸರ, ಒಂಚೂರು ಸರೀರಿ. ಆಕಿಗೆ ಹಚ್ಚಿ ಎಂಜಿನ್ನಿಗೆ ಹೋಗಬೇಕು.’

ವೀರೇಶ ಅವನ ರಟ್ಟೆ ಹಿಡಿದು ಹೊರಗೆ ಸಾಗಿಸಿದ. ‘ಈ ವರ್ಷ ಆಕಿಗೆ ಬ್ಯಾಡ ಬಿಡಪ. ಎಂಜಿನ್ನಿಗೆ ಜಲ್ದಿ ಹಚ್ಚೋಗು.’ ವಿದ್ವಾಂಸರು ಹಿಂದೆ ತಿರುಗಿ ನೋಡಲಿಲ್ಲ. ಚಿತ್ರ ನೋಡಲು ಬಂದವರು ತಟ್ಟೆಯನ್ನು ಯಾಕೆ ನೋಡುತ್ತಾರೆ.

ನಾನು ವೀರೇಶನನ್ನು ಅಂಗಳದಲ್ಲಿ ಹಿಡಿದೆ. ‘ಲೇ, ಅದು ವಿಭೂತಿ ಅಂತ ಆ ಮನಿಷ್ಯಾಗ ಹೇಳು.’

‘ಅಕ್ಕ, ನಿನಗ ಯಾಕ ಬೇಕು? ಆತ ಭಾಳ ಓದಿದಾತ. ಆತನ ಬಾಯಾಗ ನಮ್ಮ ತಾತನ ಹೆಸರು ಬರಾಕತ್ತೈತಿ. ಬರ್ಲಿ ಬಿಡು.’

ಹೀಗೆ ಶುರುವಾಯಿತು. ದೀಪಾವಳಿಯ ಹೊತ್ತಿಗೆ ಚಿತ್ರವನ್ನು ಗೋಣಿಚೀಲದಲ್ಲಿ ಸುತ್ತಿ ರೆಸಾರ್ಟಿಗೆ ಸಾಗಿಸಿದರು. ಪೇಪರಿನಲ್ಲಿ ಬಂತು. ವಿದ್ವಾಂಸರು ಪುಸ್ತಕ ಬರೆದರು. ಅದರಲ್ಲಿ ಮೂರು ಪಟ್ಟೆಗಳಿಗೇ ಒಂದು ಅಧ್ಯಾಯ. ತಾತನನ್ನು ಕಂಡರೆ ಮೈಲಿ ದೂರ ಓಡುತ್ತಿದ್ದ ನೆಂಟರು ‘ನಮ್ಮ ತಾತ ಮೂಗಿನ ಮ್ಯಾಗ ಬೆರಳಿಟ್ಟು ನೋಡಂಥ ಕಲಾವಿದ’ ಎಂದು ಫೋನು ಮಾಡತೊಡಗಿದರು. ಮದುವೆ ಮನೆಯಲ್ಲಿ ನನ್ನನ್ನು ‘ಕಲಾವಿದರ ಮೊಮ್ಮಗಳು’ ಎಂದು ಪರಿಚಯಿಸಿದರು. ಮೂವತ್ತು ವರ್ಷ ಪಾಠ ಮಾಡಿದ್ದು ಯಾರ ಲೆಕ್ಕಕ್ಕೂ ಇರಲಿಲ್ಲ. ಬದುಕಿದ್ದಾಗ ಒಂದು ದಿನವೂ ದುಡಿಯದ ಮನುಷ್ಯ ಸತ್ತ ಮೇಲೆ ಇಡೀ ಮನೆತನಕ್ಕೆ ಹೆಸರು ದುಡಿಯುತ್ತಿದ್ದರು.

ಕೊಯ್ಲು ಶುರುವಾಯಿತು. ಕಂಪ್ಲಿಯಿಂದ ಎಮ್ಮಿಗನೂರಿನವರೆಗೆ ಗದ್ದೆಗಳಲ್ಲಿ ಕಟಾವು ಮಷೀನುಗಳು ಗುಡುಗುತ್ತಿದ್ದವು, ರಸ್ತೆಯ ಒಂದು ಬದಿಯಿಡೀ ಭತ್ತ ಒಣಗುತ್ತಿತ್ತು. ಬೆಳಿಗ್ಗೆ ಹೊಳೆಯ ಕಡೆಯಿಂದ ಮಂಜು ಏಳುತ್ತಿತ್ತು. ಅಂಥ ಒಂದು ಬೆಳಿಗ್ಗೆ ಹೊಸಪೇಟೆಯ ನಮ್ಮ ಮನೆಯ ಗೇಟಿನಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಗಿಡ್ಡ ಮೈ, ಬಿಳಿ ತಲೆ, ಕೈಯಲ್ಲಿ ಹೊಸ ಅಕ್ಕಿಯ ಸಣ್ಣ ಚೀಲ. ಚಂದ್ರವ್ವನ ಮಗಳು ನಾಗಮ್ಮ. ಭತ್ತದ ಗಾಡಿಯ ಜೊತೆ ಮಿಲ್ಲಿಗೆ ಬರುತ್ತಿದ್ದುದರಿಂದ ನನಗೆ ಮುಖಪರಿಚಯವಿತ್ತು.

‘ಟೀಚರಮ್ಮಾರ, ನಮ್ಮವ್ವನ್ನ ಎಲ್ಲಿಗೋ ಒಯ್ದಾರಂತಲ್ರಿ’ ಅಂದಳು.

‘ಹಂಪಿ ಹತ್ರ, ನಮ್ಮ ವೀರೇಶನ ರೆಸಾರ್ಟಿಗೆ. ಒಳಗ ಬರ್ರಿ, ಕುಂದ್ರಿ.’

ಕೂತಳು. ಚಹಾ ಕುಡಿದಳು. ಲೋಟ ಕೆಳಗಿಟ್ಟ ಮೇಲೆ ಬಂದ ಕೆಲಸ ಹೇಳಿದಳು. ‘ನನಗ ನಮ್ಮವ್ವನ ಮುಖ ನೆಪ್ಪಿಲ್ರಿ. ಸಣ್ಣಾಕಿದ್ದಾಗ ಗಾಡಿ ಕೂಡ ಮಿಲ್ಲಿಗೆ ಬರ್ತಿದ್ದೆ. ಆಫೀಸಿನ ಬಾಗಲಾಗ ನಿಂತು ನೋಡು, ಅಕಿ ನಿಮ್ಮವ್ವ ಅಂತ ನಮ್ಮಪ್ಪ ತೋರಸ್ತಿದ್ದ. ಒಳಗ ಹೋಗಾಕ ಅಂಜಿಕಿ. ಅಲ್ಲಿಂದ ಕೈ ಮುಗೀತಿದ್ದೆ. ಬರೇ ವಿಭೂತಿ ಕಾಣ್ತಿತ್ತು. ಅದರ ಬುಡಕ ಕಣ್ಣು, ಮೂಗು ಎಲ್ಲಾ ಐತಿ, ನಿಮ್ಮ ತಾತ ಭಾಳ ಚಂದ ಬರದಾರ ಅಂತ ಮಂದಿ ಅಂತಿದ್ರು. ಈಗ ಬೆಂಗಳೂರಿಗೆ ಒಯ್ತಾರಂತ. ಒಯ್ಯಾಕ ಮೊದ್ಲು ಒಂದು ಸಲ ಆ ವಿಭೂತಿ ಒರಸಿ ತೋರಸ್ರಿ. ನನಗ ಎಂಬತ್ತಾಗಾಕ ಬಂತು. ಇನ್ನ ಯಾವಾಗ ನೋಡ್ಲಿ?’

ಆ ಚಿತ್ರದ ಸುತ್ತ ಅಷ್ಟು ಜನ ಅಷ್ಟು ಮಾತಾಡಿದ್ದರು. ಅದರೊಳಗೆ ಇದ್ದವಳು ಯಾರೆಂದು ಕೇಳಿದವರು ಯಾರೂ ಇರಲಿಲ್ಲ. ತೋರಿಸುತ್ತೇನೆ ಎಂದು ಮಾತು ಕೊಟ್ಟೆ.

ರೆಸಾರ್ಟಿಗೆ ಹೋಗಿ ವೀರೇಶನ ಮುಂದೆ ವಿಷಯ ಇಟ್ಟೆ. ಅವನು ಕುರ್ಚಿಯಿಂದ ಎದ್ದೇ ನಿಂತ. ‘ಅಕ್ಕ, ಹುಚ್ಚು ಹಿಡದೈತೇನು? ಅದನ್ನ ಒರಸಿದ್ರ ಚಿತ್ರಾನ ಹೋತು. ಪುಸ್ತಕದಾಗ ಅಚ್ಚಾಗೈತಿ.’

‘ಚಿತ್ರ ಅದರ ಕೆಳಗೈತಲೇ. ತಾತ ಸಾಯೋ ತನಕ ಬಡಕೊಂಡ್ರಲ್ಲ, ಅಂಥ ಕಣ್ಣು ಯಾರೂ ಬರದಿಲ್ಲ ಅಂತ. ಆ ಚಿತ್ರದಾಗ ನಂದೂ ಪಾಲೈತಿ. ಆ ಮುದುಕಿಗೆ ಆಕಿ ತಾಯಿ ಮುಖ ತೋರಸು.’

ವೀರೇಶ ಸ್ವಲ್ಪ ಯೋಚಿಸಿದ. ಅವನು ಯೋಚಿಸಿದಾಗಲೆಲ್ಲ ಏನೋ ಅಸಹ್ಯ ಹುಟ್ಟುತ್ತದೆ. ‘ಒಂದು ಕೆಲಸ ಮಾಡಣ. ಇಲ್ಲಿ ಚಿತ್ರದ ಪ್ರದರ್ಶನ ಇಟ್ಟೀನಿ, ಅದರ ಉದ್ಘಾಟನೆಗೆ ಆಕಿನ್ನ ಕರಕೊಂಡು ಬಾ. ಮುಂದಿನ ಸಾಲಿನ್ಯಾಗ ಕುಂದ್ರಸ್ತೀನಿ. ನರ್ತಕಿಯ ಮಗಳು ಅಂತ ಶಾಲು ಹೊದಿಸಿ ಸನ್ಮಾನ ಮಾಡಣ. ಮಸ್ತ್ ಆಕ್ಕತಿ.’

ಬರುತ್ತೇವೆ ಎಂದೆ. ಹೋಗುವಾಗ ಕೈಚೀಲದಲ್ಲಿ ಒಂದು ಸಣ್ಣ ಬಾಟಲಿಯಲ್ಲಿ ಅಗಸೆ ಎಣ್ಣೆ ಇಟ್ಟುಕೊಂಡೆ. ಎಣ್ಣೆಯಲ್ಲಿ ಕಲಸಿದ ಕುಂಕುಮ ಎಣ್ಣೆಗೇ ಬಿಡುತ್ತದೆ. ವಿಜ್ಞಾನ ಕಲಿಸಿದ್ದು ಅಷ್ಟಕ್ಕಾದರೂ ಬರಲಿ.

ಉದ್ಘಾಟನೆ ಇಳಿಹೊತ್ತಿಗೆ. ಹುಲ್ಲುಹಾಸಿನ ಮೇಲೆ ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು, ಸುತ್ತ ಕಡಿಯದೆ ಉಳಿದ ನಾಲ್ಕು ಬಾಳೆಗಿಡ, ದೂರದಲ್ಲಿ ತಾತನಿಗೆ ಬೇಸರವೇ ಬರದ ಬಂಡೆಗಳು. ವೇದಿಕೆಯ ಮೇಲೆ ಚಿತ್ರ, ಅದರ ಮೇಲೆ ದೀಪ. ಪಕ್ಕದಲ್ಲಿ ಹಿತ್ತಾಳೆಯ ದೀಪಸ್ತಂಭ, ಪೂಜೆಯ ತಟ್ಟೆ. ರಾಜಕೀಯದ ಒಬ್ಬರು ಮುಖ್ಯ ಅತಿಥಿ, ತಡವಾಗಿ ಬಂದರು. ಹೊಸಪೇಟೆಯ ಡಾಕ್ಟರುಗಳು, ಗಣಿಯವರು, ಅವರ ರೇಷ್ಮೆ ಸೀರೆಯ ಹೆಂಡತಿಯರು ಬಂದಿದ್ದರು. ಇದೇ ಚಿತ್ರ ಕಂಪ್ಲಿಯ ಮಿಲ್ಲಿನಲ್ಲಿ ಇದ್ದಾಗ ಇವರಲ್ಲಿ ಎಷ್ಟೋ ಜನ ಅದರ ಕೆಳಗೆ ಕೂತು ಅಕ್ಕಿಯ ದರ ಕೇಳಿದವರೇ. ತಲೆಯೆತ್ತಿ ನೋಡಿರಲಿಲ್ಲ.

ವಿದ್ವಾಂಸರು ಮೂರು ಪಟ್ಟೆಗಳ ಬಗ್ಗೆ ಮಾತಾಡಿದರು. ಮೊದಲ ಪಟ್ಟೆ ಮಣ್ಣು, ಎರಡನೆಯದು ದೇಹ, ಮೂರನೆಯದು ಶೂನ್ಯವಂತೆ. ಹುಲುಗಪ್ಪನ ಮೂರು ಬೆರಳಲ್ಲಿ ಇಷ್ಟೆಲ್ಲ ಇದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ನಾಗಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತಾಡಿ ಎಂದು ಮೈಕು ಹಿಡಿದರು.

ನಾಗಮ್ಮ ಮೈಕನ್ನು ನೋಡಲಿಲ್ಲ, ಚಿತ್ರವನ್ನು ನೋಡುತ್ತಿದ್ದಳು. ‘ನಮ್ಮವ್ವನ ಮುಖ ತೋರಸ್ರಿ’ ಅಂದಳು.

ಜನ ನಕ್ಕರು. ಮುಗ್ಧತೆ ಎಂದುಕೊಂಡಿರಬೇಕು. ನಾನು ಎದ್ದು ವೇದಿಕೆ ಹತ್ತಿದೆ. ಜೀವಮಾನವಿಡೀ ಗದ್ದಲದ ತರಗತಿಗಳನ್ನು ಸುಮ್ಮನಾಗಿಸಿದವಳಿಗೆ ಮೈಕು ಬೇಕಾಗಲಿಲ್ಲ. ‘ಆ ಮೂರು ಪಟ್ಟೆಗಳನ್ನು ನಮ್ಮ ತಾತ ಬರೆದಿಲ್ಲ. ಅದು ಮಿಲ್ಲಿನ ಆಯುಧಪೂಜೆಯ ವಿಭೂತಿ. ಮೊದಲು ಹಚ್ಚಿದವಳು ನಮ್ಮ ಅಜ್ಜಿ, ಆಮೇಲೆ ಎಂಜಿನ್ ಹುಲುಗಪ್ಪ. ಮುಖ ಅದರ ಕೆಳಗಿದೆ. ಇವರಿಗೆ ಅವರ ತಾಯಿಯ ಮುಖ ನೋಡಬೇಕಂತೆ.’

ವಿದ್ವಾಂಸರು ಕೆಂಪಗಾದರು. ಇದು ಅಸಾಧ್ಯ, ಕೃತಿಯನ್ನು ಯಾರೂ ಮುಟ್ಟಕೂಡದು ಎಂದರು. ವೀರೇಶ ನನ್ನ ಕಡೆ 'ನಿನ್ನ ನೋಡಿಕೊಳ್ತೀನಿ' ಅನ್ನುವಂತೆ ನೋಡಿದ. ಅಷ್ಟರಲ್ಲಿ, ಅಲ್ಲಿಯವರೆಗೆ ಆಕಳಿಸುತ್ತಿದ್ದ ಮುಖ್ಯ ಅತಿಥಿ ನೆಟ್ಟಗೆ ಕೂತು, ‘ವಿಭೂತಿ ಆದ್ರ ಹೋಕ್ಕತಿ, ಬಣ್ಣ ಆದ್ರ ಇರತೈತಿ. ಒರಸ್ರಿ, ನೋಡೇಬಿಡಣ’ ಎಂದರು. ಅವರ ಮಾತು ಮೀರುವ ಧೈರ್ಯ ವೀರೇಶನಿಗೆಲ್ಲಿಂದ ಬರಬೇಕು.

ನಾಗಮ್ಮ ಸನ್ಮಾನದ ಶಾಲನ್ನು ತೆಗೆದು ಕುರ್ಚಿಯ ಮೇಲಿಟ್ಟಳು. ಅವಳ ಸೆರಗಿನ ತುದಿಗೆ ನಾನು ಎಣ್ಣೆ ಹಾಕಿದೆ. ಅವಳು ಎಡಗೈಯಲ್ಲಿ ಚೌಕಟ್ಟನ್ನು ಹಿಡಿದು, ಉಂಡೆದ್ದ ಮಗುವಿನ ಬಾಯಿ ಒರೆಸುವ ಹಾಗೆ ಮೆಲ್ಲಗೆ ಒರೆಸತೊಡಗಿದಳು. ಮೊದಲು ಕುಂಕುಮ ಬಿಟ್ಟಿತು. ಆಮೇಲೆ ವಿಭೂತಿ ಹಕ್ಕಳೆಹಕ್ಕಳೆಯಾಗಿ ಎದ್ದು ಉದುರಿತು. ವಿದ್ವಾಂಸರ ಮಣ್ಣು, ದೇಹ, ಶೂನ್ಯ ಮೂರೂ ನೆಲಕ್ಕೆ ಬಿದ್ದವು. ಆ ಕ್ಷಣದಲ್ಲಿ ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ, ಬಹಳ ಖುಷಿಯಾಯಿತು.

ಆಮೇಲೆ ಕೆಳಗಿನ ಬಣ್ಣ ಕಂಡಿತು. ಗೋಧಿ ಬಣ್ಣ. ಈ ಕಿವಿಯಿಂದ ಆ ಕಿವಿಯವರೆಗೆ ಕುಂಚ ಎಳೆದ ಗೆರೆಗಳು ಸ್ಪಷ್ಟವಾಗಿದ್ದವು, ಒಂದೂ ಕೆಟ್ಟಿರಲಿಲ್ಲ. ಕಣ್ಣಿರಲಿಲ್ಲ. ಮೂಗಿರಲಿಲ್ಲ. ಬಾಯಿರಲಿಲ್ಲ. ಸಾರಿಸಿದ ಗೋಡೆಯ ಹಾಗೆ ನುಣ್ಣಗಿತ್ತು.

ನಾಗಮ್ಮ ಸೆರಗಿನ ಇನ್ನೊಂದು ಮಗ್ಗುಲಿನಿಂದ ಮತ್ತೊಮ್ಮೆ ಒರೆಸಿದಳು. ನನ್ನ ಕಡೆ ತಿರುಗಿದಳು.

‘ಇನ್ನ ಬುಡಕ ಐತೇನವ್ವ?’

ನಾನು ಬಗ್ಗಿ ನೋಡಿದೆ. ‘ಇಲ್ಲ ನಾಗಮ್ಮ. ಇಷ್ಟೇ.’

‘ಮುಖಾನ ಬರದಿಲ್ಲಲ್ಲ ಆತ’ ಎಂದಳು.

ವಿದ್ವಾಂಸರು ಹತ್ತಿರ ಬಂದರು. ಈ ಮನುಷ್ಯ ಈಗಲಾದರೂ ತಲೆ ತಗ್ಗಿಸುತ್ತಾನೆ ಎಂದುಕೊಂಡೆ. ಅವರು ಮತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. ‘ಮುಖವೇ ಇಲ್ಲ’ ಎಂದು ಪಿಸುಗುಟ್ಟಿದರು. ಮೈಕು ತೆಗೆದುಕೊಂಡರು. ‘ಸ್ನೇಹಿತರೇ, ಇದು ನಾವು ತಿಳಿದದ್ದಕ್ಕಿಂತ ದೊಡ್ಡ ಕೃತಿ. ಆ ಕಾಲದಲ್ಲಿ ಮುಖವಿಲ್ಲದ ಹೆಣ್ಣನ್ನು ಬರೆದಿದ್ದಾರೆ. ಇದೇ ನಿಜವಾದ ಆಧುನಿಕತೆ.’ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿಯೂ ತಟ್ಟಿದರು. ವೀರೇಶನ ಮುಖ ಅರಳಿತು. ಅವನಿಗೆ ನಾಚಿಕೆ ಎಂಬುದು ಚಪ್ಪಲಿಯಂತೆ, ಬೇಕಾದಲ್ಲಿ ಬಿಟ್ಟು ಬರುತ್ತಾನೆ.

ಆ ಗದ್ದಲದಲ್ಲೇ ತಾತನ ಮುಖ ಕಣ್ಣ ಮುಂದೆ ಬಂತು. ಉಣ್ಣುತ್ತಾ, ಅಂಥ ಕಣ್ಣು ಯಾರೂ ಬರೆದಿಲ್ಲ ಎನ್ನುತ್ತಿದ್ದ ಮುಖ. ಒಬ್ಬ ಹೆಂಗಸನ್ನು ಬೇಸಿಗೆಯಿಡೀ ಎದುರಿಗೆ ನಿಲ್ಲಿಸಿಕೊಂಡು, ಅವಳ ಸೀರೆ ಬರೆದರು, ಪಾದ ಬರೆದರು, ಹಿಂದಿನ ಬಂಡೆ ಬರೆದರು. ಅವಳ ಮುಖ ಬರೆಯಲು ಬರಲಿಲ್ಲವೋ, ಬೇಕು ಅನಿಸಲಿಲ್ಲವೋ. ಎರಡರಲ್ಲಿ ಯಾವುದಾದರೂ ನನಗೆ ಅವರ ಮೇಲಿನ ತಿರಸ್ಕಾರ ಕಡಿಮೆಯಾಗುವುದಿಲ್ಲ. ಅಜ್ಜಿ ಹಚ್ಚಿದ ವಿಭೂತಿಯ ಮರೆಯಲ್ಲಿ ಕೂತು ಸಾಯುವವರೆಗೆ ಸುಳ್ಳು ಹೇಳಿದರು. ಅಜ್ಜಿ ಒಮ್ಮೆಯೂ ಅದನ್ನು ಬಯಲು ಮಾಡಲಿಲ್ಲ. ಆ ಮೊದಲ ಬೆಳಿಗ್ಗೆ, ಯಾರೂ ಬರುವ ಮುಂಚೆ, ತಟ್ಟೆ ಹಿಡಿದು ಅವಳು ಏನು ಕಂಡಳೆಂದು ಈಗ ನನಗೆ ತಿಳಿದಿತ್ತು. ಮುಖವಿಲ್ಲದ ಹೆಣ್ಣು ಗೋಡೆಯ ಮೇಲೆ ನಿಂತಿದ್ದಳು. ನೋಡುವ ಹಾಗೆ ಮಾಡಿದ್ದೇನೆ ಎಂದು ಅಜ್ಜಿ ಹೇಳಿದ್ದರಲ್ಲಿ ಒಂದು ಅಕ್ಷರವೂ ಹೊಟ್ಟೆಕಿಚ್ಚಿನದ್ದಾಗಿರಲಿಲ್ಲ. ನಾವು ಅಷ್ಟು ಜನ ಅವಳು ಕುಟ್ಟಿದ ಹಿಂಡಿ ತಿಂದು ಅವಳಿಗೆ ಸವತಿ ಮತ್ಸರ ಅಂಟಿಸಿದ್ದೆವು.

ಚಪ್ಪಾಳೆ ನಿಂತಿರಲಿಲ್ಲ. ನಾಗಮ್ಮ ದೀಪಸ್ತಂಭದ ಹತ್ತಿರ ಹೋದಳು. ಪೂಜೆಯ ತಟ್ಟೆಯಿಂದ ವಿಭೂತಿ ತೆಗೆದು ಅಂಗೈಯಲ್ಲಿ ಪುಡಿಮಾಡಿದಳು. ಸೆರಗಿನ ಎಣ್ಣೆಯಲ್ಲೇ ಬೆರಳು ಒದ್ದೆ ಮಾಡಿಕೊಂಡು ವಾಪಸು ಬಂದಳು. ‘ಅಮ್ಮ, ಮುಟ್ಟಬೇಡಿ’ ಎಂದು ವಿದ್ವಾಂಸರು ಕೂಗುವಷ್ಟರಲ್ಲಿ ಮೂರು ಬೆರಳು ಎಳೆದಾಗಿತ್ತು. ಆಮೇಲೆ ಕುಂಕುಮ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

‘ಇಕಿ ನಮ್ಮವ್ವ’ ಎಂದಳು. ಕೈ ಮುಗಿದಳು.

ಹಣ್ಣಿನ ಬುಟ್ಟಿಯನ್ನೂ ಶಾಲನ್ನೂ ಅಲ್ಲೇ ಬಿಟ್ಟು ನಾವು ಆಟೋ ಹತ್ತಿದೆವು. ಎಮ್ಮಿಗನೂರಿನವರೆಗೂ ಅವಳು ಎಣ್ಣೆ, ಬಿಳಿ, ಕೆಂಪು ಕಲೆತ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಆಮೇಲಿನದು ಯಾರಾದರೂ ಊಹಿಸಬಹುದು. ವಿದ್ವಾಂಸರು ಮರುವಾರವೇ ಜನ ಕರೆಸಿ ಚಿತ್ರವನ್ನು ಹಸನು ಮಾಡಿಸಿದರು. ಪುಸ್ತಕದ ಎರಡನೇ ಮುದ್ರಣದಲ್ಲಿ ಮೂರು ಪಟ್ಟೆಗಳ ಅಧ್ಯಾಯ ಹೋಗಿ ಮುಖವಿಲ್ಲದ ಹೆಣ್ಣಿನ ಅಧ್ಯಾಯ ಬಂತು. ಮೊದಲಿನದಕ್ಕೆ ತಟ್ಟಿದವರೇ ಇದಕ್ಕೂ ತಟ್ಟಿದರು. ಚಿತ್ರ ಬೆಂಗಳೂರಿಗೆ ಹೋಗಿ ಬಂದು ಈಗ ರೆಸಾರ್ಟಿನ ಹಾಲಿನಲ್ಲಿ ಗಾಜಿನ ಹಿಂದಿದೆ. ಹಂಪಿಗೆ ಬರುವವರು ಅದರ ಮುಂದೆ ನಿಂತು, ಆ ಖಾಲಿ ಜಾಗದಲ್ಲಿ ತಮ್ಮ ಮುಖ ಗಾಜಿನ ಮೇಲೆ ಬೀಳುವ ಹಾಗೆ ಫೋಟೊ ತೆಗೆದುಕೊಳ್ಳುತ್ತಾರೆ. ತಾತನ ಕಲೆಗೆ ತಕ್ಕ ರಸಿಕರು.

ಮೊನ್ನೆ ಹುರಿದ ಅಗಸೆಯನ್ನು ಕುಟ್ಟಿ ಹಿಂಡಿ ಮಾಡಿ, ಒಂದು ಡಬ್ಬಿಗೆ ತುಂಬಿಕೊಂಡು, ಮರುದಿನ ಆಯುಧಪೂಜೆಯ ಬೆಳಿಗ್ಗೆ ಎಮ್ಮಿಗನೂರಿಗೆ ಹೋದೆ. ಪ್ರತಿ ವರ್ಷವೂ ಹೋಗುತ್ತೇನೆ. ನಾಗಮ್ಮ ತೊಳೆದ ಸೀರೆಯುಟ್ಟು ಕಟ್ಟೆಯ ಮೇಲೆ ಕಾದು ಕೂತಿದ್ದಳು. ಇಬ್ಬರೂ ರೆಸಾರ್ಟಿಗೆ ಹೋದೆವು. ಅಲ್ಲಿ ಅವತ್ತು ಕಾರು, ಜನರೇಟರು, ಬಟ್ಟೆ ಒಗೆಯುವ ಯಂತ್ರ ಎಲ್ಲದಕ್ಕೂ ಪೂಜೆ. ಚಿತ್ರದ ಗಾಜಿಗೆ ವಿಭೂತಿ ಹಚ್ಚುವ ನಮ್ಮನ್ನು ಯಾರೂ ತಡೆಯುವುದಿಲ್ಲ. ವೀರೇಶ ಕಂಡೂ ಕಾಣದ ಹಾಗೆ ಒಳಗೆ ಹೋಗುತ್ತಾನೆ. ಮರುದಿನ ಹೌಸ್‌ಕೀಪಿಂಗಿನವರು ನೀಲಿ ನೀರು ಚಿಮುಕಿಸಿ ಗಾಜು ಒರೆಸುತ್ತಾರೆಂದು ಅವನಿಗೂ ಗೊತ್ತು, ನಮಗೂ ಗೊತ್ತು.

ಈ ಸಲ ನಾಗಮ್ಮನ ಕೈ ಅಷ್ಟು ಎತ್ತರಕ್ಕೆ ಏಳಲಿಲ್ಲ. ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಕಲ್ಲಿಗೆ, ಕಬ್ಬಿಣಕ್ಕೆ ವಿಭೂತಿ ಹಚ್ಚುವವರನ್ನು ಕಂಡು ಬದುಕಿಡೀ ನಕ್ಕವಳು. ವಿಭೂತಿಯನ್ನು ನೀರಲ್ಲಿ ಕಲಸಿ, ಗಾಜಿನ ಮೇಲೆ, ಆ ನುಣ್ಣನೆಯ ಖಾಲಿಯ ನೇರಕ್ಕೆ ಮೂರು ಬೆರಳು ಇಟ್ಟೆ. ಎಳೆಯಬೇಕು ಅನ್ನುವಷ್ಟರಲ್ಲಿ ನಾಗಮ್ಮ ನನ್ನ ಮೊಣಕೈ ಹಿಡಿದು ತಡೆದಳು.

‘ಒಂಚೂರು ಮ್ಯಾಲ ಹಚ್ಚವ್ವ’ ಎಂದಳು. ‘ಕಣ್ಣಾಗ ಬಿದ್ದೀತು.’